ಉಪ್ಪು ಕಡಿಮೆ, ರುಚಿ ಜಾಸ್ತಿ: ಸೂಪಿನಲ್ಲಿ ಗ್ಲುಟಮೇಟ್ ಹೆಚ್ಚಿಸುವುದು ಹೇಗೆ?

ಚೆನ್ನಾಗಿ ಹಣ್ಣಾದ ಟೊಮೆಟೊದ ತುಂಬು ರುಚಿ ಕಾಯಿಗೆ ಇರುವುದಿಲ್ಲ, ಅಲ್ವಾ? ಹುಳಿ–ಸಿಹಿಯ ಜೊತೆ ಹಣ್ಣಿನಲ್ಲಿ ಗ್ಲುಟಮಿಕ್ ಆಮ್ಲ ಎಂಬ ಅಮೈನೋ ಆಮ್ಲವೂ (ಪ್ರೋಟೀನು ಕಟ್ಟುವ ತುಣುಕುಗಳಲ್ಲಿ ಒಂದು) ಇರುತ್ತದೆ. ಆಹಾರದಲ್ಲಿ ಅದು ಇರುವ ರೂಪವೇ ಗ್ಲುಟಮೇಟ್. 1908ರಲ್ಲಿ ಜಪಾನಿನ ರಸಾಯನವಿಜ್ಞಾನಿ ಕಿಕುನಾಯೆ ಇಕೆಡಾ ಕೊಂಬು ಎಂಬ ಕಡಲಪಾಚಿಯ ರುಚಿಗೆ ಇದೇ ಕಾರಣವೆಂದು ಕಂಡುಕೊಂಡು, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು.

ಪ್ರೋಟೀನಿನ ಸರಪಳಿಯಲ್ಲಿ ಸಿಕ್ಕಿಕೊಂಡಿರುವ ಗ್ಲುಟಮೇಟ್ ನಾಲಿಗೆಗೆ ಗೊತ್ತಾಗುವುದಿಲ್ಲ. ಅದು ಬಿಡಿಯಾಗಿರಬೇಕು. ಸೋಯಾ ಸಾಸ್, ತಿಂಗಳುಗಟ್ಟಲೆ ಮಾಗಿಸಿದ ಚೀಸ್ ಅಷ್ಟು ರುಚಿಯಾಗುವುದು ಅವುಗಳ ಪ್ರೋಟೀನು ಒಡೆದಿರುವುದರಿಂದಲೇ. ಪದಾರ್ಥ ಆರಿಸುವಾಗ ಇದಷ್ಟು ನೆನಪಿದ್ದರೆ ಸಾಕು.

1. ಹಿಂದಿನ ರಾತ್ರಿಯೇ ಒಂದು ಹಿಡಿ ಒಣ ಶಿಟಾಕೆ ಅಣಬೆಯನ್ನು ತಣ್ಣೀರಿನಲ್ಲಿ ನೆನೆಹಾಕಿ ಫ್ರಿಜ್‌ನಲ್ಲಿಡಿ. ಆ ನೀರನ್ನು ಚೆಲ್ಲಬೇಡಿ. ರುಚಿಯ ಬಹುಭಾಗ ಅದರಲ್ಲೇ ಇಳಿದಿರುತ್ತದೆ.

2. ಪೂರ್ತಿ ಕೆಂಪಾದ ನಾಲ್ಕೈದು ಟೊಮೆಟೊ ಹೆಚ್ಚಿ. ಬೀಜದ ಸುತ್ತಲಿನ ಲೋಳೆಯನ್ನು ದಯವಿಟ್ಟು ತೆಗೆಯಬೇಡಿ. ಹೊರಗಿನ ತಿರುಳಿಗಿಂತ ಅದರಲ್ಲೇ ಗ್ಲುಟಮೇಟ್ ಜಾಸ್ತಿ.

3. ಅಣಬೆಯನ್ನು ಹೆಚ್ಚಿ, ಟೊಮೆಟೊ ಮತ್ತು ನೆನೆಸಿದ ನೀರಿನ ಜೊತೆ ಸಣ್ಣ ಉರಿಯಲ್ಲಿಡಿ. ನಿಧಾನವಾಗಿ ಬಿಸಿಯಾಗುವಾಗ ಒಣ ಅಣಬೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ವಸ್ತು ಹುಟ್ಟುತ್ತದೆ. ಗ್ಲುಟಮೇಟ್ ಮತ್ತು ಗ್ವಾನಿಲೇಟ್ ನಾಲಿಗೆಯಲ್ಲಿ ರುಚಿ ಗುರುತಿಸುವ ಒಂದೇ ಗ್ರಾಹಕಕ್ಕೆ ಒಟ್ಟಿಗೆ ಅಂಟಿಕೊಂಡಾಗ ರುಚಿ ಸುಮ್ನೆ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ. ಇಡೀ ಅಡುಗೆಯ ಗುಟ್ಟು ಈ ಜೋಡಿಯಲ್ಲಿದೆ.

4. ಉಪ್ಪು ಕೊನೆಗೆ. ಮಾಮೂಲಿಗಿಂತ ಕಡಿಮೆ ಹಾಕಿ ರುಚಿ ನೋಡಿ. ಪೂರ್ತಿ ಬಿಟ್ಟರೆ ಮಾತ್ರ ಸಪ್ಪೆ ಅನ್ನಿಸುತ್ತದೆ.

ಅಂಗಡಿಯಲ್ಲಿ ಸಿಗುವ ಮೊನೋಸೋಡಿಯಂ ಗ್ಲುಟಮೇಟ್ ಪುಡಿ ಹಾಕಬಹುದೇ? ಒಂದು ಚಿಟಿಕೆ ಹಾಕಬಹುದು. ಅದರಲ್ಲಿರುವುದೂ ಟೊಮೆಟೊದಲ್ಲಿರುವ ಅದೇ ಗ್ಲುಟಮೇಟ್. ದೇಹಕ್ಕೆ ಎರಡರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅದರಲ್ಲೂ ಸುಮಾರು 12% ಸೋಡಿಯಂ ಇದೆ. ಅಡುಗೆ ಉಪ್ಪಿನಲ್ಲಿ ಸುಮಾರು 39%. ಹಾಗಾಗಿ ಪುಡಿ ಹಾಕಿದರೆ ಉಪ್ಪನ್ನು ಇನ್ನಷ್ಟು ಇಳಿಸಿ.

ಊಟದ ಗ್ಲುಟಮೇಟ್ ನೇರವಾಗಿ ಮಿದುಳಿಗೆ ಏರುತ್ತದೆ ಎಂಬ ಹೆದರಿಕೆ ಕೆಲವರಿಗಿದೆ. ಆದರೆ ಅದರ ಬಹುಪಾಲನ್ನು ಕರುಳಿನ ಕೋಶಗಳೇ ಶಕ್ತಿಗಾಗಿ ಉರಿಸಿಬಿಡುತ್ತವೆ. ನರಕೋಶಗಳ ನಡುವೆ ಸಂದೇಶ ಒಯ್ಯಲು ಬೇಕಾದ ಗ್ಲುಟಮೇಟನ್ನು ಮಿದುಳು ತಾನೇ ತಯಾರಿಸಿಕೊಳ್ಳುತ್ತದೆ.