ಮುಂದಿನ ಚಕ್ರದಲ್ಲಿ ಟಕ್ ಟಕ್ ಸದ್ದು? ಮೊದಲು ಇದನ್ನು ನೋಡಿ

ಬಳ್ಳಾರಿ–ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ದಿನಾ ಕಾರು ಓಡಿಸುವವರಿಗೆ ಈ ಮಾತು. ಗುಂಡಿಗೆ ಇಳಿದಾಗ ಟಕ್ ಟಕ್ ಸದ್ದು, ಸ್ಟೀರಿಂಗ್ ಸಡಿಲ, ಮುಂದಿನ ಟೈರು ಒಂದೇ ಬದಿ ಸವೆತ. ಈ ಮೂರೂ ಇದ್ದರೆ ಮೊದಲ ಅನುಮಾನ ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳನ್ನು ಚಕ್ರಕ್ಕೆ ಸೇರಿಸುವ ಕೀಲು) ಮೇಲೆ. ಬರೀ ಸದ್ದಿದ್ದು ಸ್ಟೀರಿಂಗ್ ಸರಿ ಇದ್ದರೆ ಸಸ್ಪೆನ್ಶನ್‌ನ ಚಿಕ್ಕ ಜೋಡಣೆ ಸರಳು, ಅಂದರೆ ಲಿಂಕ್ ರಾಡ್ ನೋಡಿಸಿ, ಅದು ಚಿಕ್ಕ ಖರ್ಚು. ಸುಮ್ನೆ ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಇಡೀ ರ‍್ಯಾಕ್ ಬದಲಿಸೋಕೆ ಒಪ್ಪಬೇಡಿ.

ಮಟ್ಟ ನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ. ಚಕ್ರವನ್ನು ಎಡಬಲ ಹಿಡಿದು ಅಲುಗಾಡಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಟೈ ರಾಡ್ ಎಂಡ್ ಅಥವಾ ಅದೇ ಸರಳಿನ ಒಳತುದಿಯ ರ‍್ಯಾಕ್ ಎಂಡ್. ಮೇಲೆ ಕೆಳಗೆ ಹಿಡಿದಾಗ ಆಟ ಇದ್ದರೆ ಚಕ್ರವನ್ನು ಸಸ್ಪೆನ್ಶನ್ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್, ಇಲ್ಲವೇ ವೀಲ್ ಬೇರಿಂಗ್. ಯಾರಾದರೂ ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗೇ ಇರಬೇಕು. ಜೊತೆಗಿದ್ದವರಿಗೆ ಟಾರ್ಚ್ ಕೊಟ್ಟು ಕೀಲನ್ನೇ ನೋಡೋಕೆ ಹೇಳಿ. ಕೀಲು ಮುಚ್ಚುವ ರಬ್ಬರ್ ಬೂಟ್ ಹರಿದು, ಗ್ರೀಸ್ ಇರಬೇಕಾದ ಕಡೆ ನಮ್ಮೂರ ಕೆಂಪು ಧೂಳು ಮೆತ್ತಿಕೊಂಡಿದ್ದರೆ ಅಲ್ಲಿಗೆ ಆ ಕೀಲಿನ ಕಥೆ ಮುಗೀತು. ಮೇಲಿಂದ ಗ್ರೀಸ್ ತುಂಬಿದರೆ ಪ್ರಯೋಜನ ಇಲ್ಲ.

ಟೈ ರಾಡ್ ಎಂಡ್ ಬದಲಿಸುವಾಗ ಹಳೆಯದು ಎಷ್ಟು ಸುತ್ತು ತಿರುಗಿಸಿದಾಗ ಬಿಚ್ಚಿತು ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿಸಿ. ನಟ್ ಬಿಚ್ಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹೊಸದೇ ಇರಲಿ, ಹಳೇದನ್ನು ಬಗ್ಗಿಸಿ ಮತ್ತೆ ತೂರಿಸುವವರು ಜಾಸ್ತಿ. ಆಮೇಲೆ ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಸುತ್ತು ಎಣಿಸಿದ್ದು ಅಲೈನ್‌ಮೆಂಟ್ ಅಂಗಡಿವರೆಗೆ ಹೋಗೋಕೆ ಮಾತ್ರ.