ಪ್ರಯಾಣದಲ್ಲಿ ತಿಗಣೆ: ಮೈಗಿಂತ ಮೊದಲು ಬ್ಯಾಗು ಕಾಯಿರಿ

ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲೋ ಯಶವಂತಪುರದಲ್ಲೋ ಇಳಿದು ಮನೆ ಸೇರಿದವರು ಮಾಡುವ ಮೊದಲ ಕೆಲಸ, ಬ್ಯಾಗನ್ನು ಮಂಚದ ಮೇಲೆ ಎಸೆದು ಜಿಪ್ ಎಳೆಯುವುದು. ಬಹಳಷ್ಟು ಮನೆಗಳಿಗೆ ತಿಗಣೆ ಕಾಲಿಡುವುದು ಆ ಗಳಿಗೆಯಲ್ಲೇ.

ತಿಗಣೆಗೆ ಹಾರಲು ರೆಕ್ಕೆಯಿಲ್ಲ, ಚಿಗಟದಂತೆ ನೆಗೆಯಲೂ ಬಾರದು. ಹೇನಿನ ಹಾಗೆ ಮೈಗೆ ಕಚ್ಚಿಕೊಂಡು ಉಳಿಯುವ ಹುಳುವೂ ಅಲ್ಲ. ರಾತ್ರಿ ಬಂದು ಐದು ಹತ್ತು ನಿಮಿಷ ರಕ್ತ ಹೀರಿ ಮತ್ತೆ ಸಂದಿ ಸೇರುತ್ತದೆ. ಆ ಸಂದಿ ನಿಮ್ಮ ಬ್ಯಾಗಿನ ಹೊಲಿಗೆಯಾದರೆ ಅದೂ ನಿಮ್ಮೊಂದಿಗೆ ಊರು ಬಿಡುತ್ತದೆ. ಕೂಡಿದ ಒಂದೇ ಒಂದು ಹೆಣ್ಣು ಸಾಕು, ದಿನಕ್ಕೆ 1ರಿಂದ 5ರಂತೆ ಒಟ್ಟು 200ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಕೊಳಕಿಗೂ ಇದಕ್ಕೂ ಸಂಬಂಧವಿಲ್ಲ. ಮಲಗುವ ಮನುಷ್ಯ, ಅಡಗಲು ಸಂದಿ ಇದ್ದರೆ ಐಷಾರಾಮಿ ಹೋಟೆಲಾದರೂ ಸರಿ, ಧರ್ಮಛತ್ರವಾದರೂ ಸರಿ.

ಕೋಣೆಗೆ ಕಾಲಿಟ್ಟ ಕೂಡಲೇ

ಬ್ಯಾಗನ್ನು ನೆಲದ ಕಾರ್ಪೆಟ್ ಮೇಲೆ, ಸೋಫಾದ ಮೇಲೆ ಇಡಬೇಡಿ. ನೇರ ಬಚ್ಚಲಿಗೆ ಒಯ್ದು ಒಣಗಿದ ಟೈಲ್ಸ್ ಮೇಲಿಡಿ. ನಮ್ಮ ಕಡೆ ಹೆಚ್ಚಾಗಿ ಕಾಣುವ ಉಷ್ಣವಲಯದ ಜಾತಿಗೆ ನುಣುಪು ಜಾಗವನ್ನೂ ಹತ್ತುವ ಶಕ್ತಿಯಿದೆ, ಹಾಗಾಗಿ ಟೈಲ್ಸ್ ಅದನ್ನು ತಡೆಯುತ್ತದೆ ಎಂದುಕೊಳ್ಳಬೇಡಿ. ಬಚ್ಚಲು ಹಾಸಿಗೆಯಿಂದ ದೂರ, ಬಂದರೂ ತಿಳಿ ಬಣ್ಣದ ನೆಲದಲ್ಲಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅಷ್ಟೇ ಲಾಭ.

ಈಗ ಹತ್ತು ನಿಮಿಷ ಹುಡುಕಾಟ. ಬೇಕಾದದ್ದು ಮೊಬೈಲ್ ಟಾರ್ಚ್ ಮತ್ತು ಹಳೆಯ ಎಟಿಎಂ ಕಾರ್ಡಿನಂಥ ಗಟ್ಟಿ ಅಂಚು. ತಲೆದಿಂಬಿನ ಕಡೆಯ ಎರಡು ಮೂಲೆಗಳಿಂದ ಶುರು ಮಾಡಿ, ಏಕೆಂದರೆ ಅವು ಉಸಿರು ಬರುವ ಕಡೆಗೇ ಹೆಚ್ಚು ಸೇರುತ್ತವೆ. ಬೆಡ್‌ಶೀಟ್ ಎತ್ತಿ, ಹಾಸಿಗೆಯ ಅಂಚಿನುದ್ದಕ್ಕೂ ಹೊಲಿದ ದಪ್ಪ ಪಟ್ಟಿಯನ್ನು ಹೆಬ್ಬೆರಳಿನಿಂದ ಮಡಚಿ ಬಿಡಿಸುತ್ತಾ ಬನ್ನಿ. ಕಂಪನಿಯ ಲೇಬಲ್ ಹೊಲಿದಿರುವಲ್ಲಿ, ಗುಂಡಿ ಕೂರಿಸಿದ ಕುಳಿಯಲ್ಲಿ ನಿಂತು ನೋಡಿ. ಬಳಿಕ ಮಂಚದ ತಲೆಹಲಗೆಗೂ ಗೋಡೆಗೂ ನಡುವಿನ ಸಂದಿಗೆ ಟಾರ್ಚ್ ಬಿಡಿ. ಸ್ಕ್ರೂ ತೂತು, ಪ್ಲೈವುಡ್ ಜೋಡಿಸಿದ ಗೆರೆಗಳಲ್ಲಿ ಕಾರ್ಡಿನ ಅಂಚು ಎಳೆಯಿರಿ. ಹುಳು ಇದ್ದರೆ ಹೊರಬೀಳುತ್ತದೆ.

ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್, ಹುರುಳಿಕಾಳನ್ನು ಚಪ್ಪಟೆ ತಟ್ಟಿದ ಹಾಗೆ, ಕಂದು ಬಣ್ಣ. ರಕ್ತ ಕುಡಿದಿದ್ದರೆ ಉದ್ದಕ್ಕೆ ಉಬ್ಬಿ ಕೆಂಪಗಿರುತ್ತದೆ. ಮರಿಗಳು ಎಳ್ಳಿಗಿಂತ ಸಣ್ಣ, ಬಿಳಿಚಿದ ಹಳದಿ. ಮೊಟ್ಟೆ ಉಪ್ಪಿಟ್ಟಿನ ರವೆಯ ಕಾಳಿನಷ್ಟು, ಸಂದಿಯಲ್ಲಿ ಅಂಟಿಕೊಂಡಿರುತ್ತದೆ, ಊದಿದರೆ ಹಾರುವುದಿಲ್ಲ. ಹುಳುವೇ ಸಿಗದಿದ್ದರೂ ಅದರ ಹಿಕ್ಕೆ ಸಿಗುತ್ತದೆ: ಪೆನ್ನಿನ ಮೊನೆ ಊರಿದಂಥ ಕಪ್ಪು ಚುಕ್ಕೆಗಳು, ಗುಂಪುಗುಂಪಾಗಿ. ಒದ್ದೆ ಬೆರಳಿನಿಂದ ಉಜ್ಜಿದಾಗ ಚುಕ್ಕೆ ಕಂದಾಗಿ ಹರಡಿದರೆ ಅದು ಜೀರ್ಣವಾದ ರಕ್ತ. ತಿಗಣೆ ಕಳಚಿದ ತೆಳು ಪೊರೆಗಳು, ಕೊತ್ತಂಬರಿ ಸೊಪ್ಪು ಕೊಳೆತಂಥ ವಾಸನೆ ಇದ್ದರೆ ಸಂಖ್ಯೆ ಹೆಚ್ಚಿದೆ ಎಂದೇ ಅರ್ಥ.

ಕಂಡರೆ ಫೋಟೊ ತೆಗೆದು ಬೇರೆ ಕೋಣೆ ಕೇಳಿ. ಪಕ್ಕದ್ದು, ನೇರ ಮೇಲಿನದು, ಕೆಳಗಿನದು ಬೇಡ. ವೈರಿನ ಪೈಪು, ಗೋಡೆಯ ಬಿರುಕಿನ ದಾರಿಯಲ್ಲಿ ಅವು ಕೋಣೆ ದಾಟುತ್ತವೆ. ಹೊಸ ಕೋಣೆಯಲ್ಲೂ ಅದೇ ತಪಾಸಣೆ.

ಸ್ಲೀಪರ್ ಬಸ್ಸಿನಲ್ಲಿ ಇಷ್ಟು ಬಿಡುವು ಸಿಗದು. ಪರದೆಯ ಮಡಿಕೆ, ಬರ್ತಿನ ರೆಕ್ಸಿನ್ ಗೋಡೆಗೆ ಸೇರುವ ಮೂಲೆ, ಇಷ್ಟನ್ನಾದರೂ ನೋಡಿ. ಅಲ್ಲಿ ಕೊಡುವ ಕಂಬಳಿ ಬಿಟ್ಟು ಮನೆಯಿಂದ ತಂದ ತಿಳಿ ಬಣ್ಣದ ಹೊದಿಕೆ ಬಳಸಿ. ಹೊರಡುವಾಗ ಎರಡು ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರಿ. ಒಂದರೊಳಗೆ ಇಡೀ ಬ್ಯಾಗು ಕಟ್ಟಿಡಬಹುದು, ಇನ್ನೊಂದು ಹಾಕಿ ಬಿಟ್ಟ ಬಟ್ಟೆಗೆ. ಬಿಚ್ಚಿದ ಬಟ್ಟೆಯ ಬೆವರಿನ ವಾಸನೆಗೆ ತಿಗಣೆ ಬರುತ್ತದೆ, ಆದ್ದರಿಂದ ರಾತ್ರಿ ಬಟ್ಟೆಯನ್ನು ಕುರ್ಚಿಯ ಮೇಲೆ ಬಿಡಬೇಡಿ.

ಕಚ್ಚಿದರೆ

ಕೆಲವರಿಗೆ ಸಾಲಾಗಿ ದದ್ದು ಏಳುತ್ತವೆ, ಕೆಲವರಿಗೆ ಏನೂ ಆಗುವುದಿಲ್ಲ. ಮೊದಲ ಸಲ ಕಚ್ಚಿಸಿಕೊಂಡವರಿಗೆ ತುರಿಕೆ ಕಾಣಲು ದಿನಗಳೇ ಹಿಡಿಯಬಹುದು. ಆದ್ದರಿಂದ ದದ್ದು ನೋಡಿ ಯಾವ ಊರಿನಲ್ಲಿ ಕಚ್ಚಿತೆಂದು ಹೇಳಲಾಗದು. ತಿಗಣೆಯಿಂದ ಮನುಷ್ಯರಿಗೆ ರೋಗ ಹರಡಿದ್ದು ಸಾಬೀತಾಗಿಲ್ಲ. ಸೋಪು ನೀರಿನಲ್ಲಿ ತೊಳೆದು, ತಣ್ಣನೆ ಬಟ್ಟೆ ಒತ್ತಿ, ಕ್ಯಾಲಮೈನ್ ಹಚ್ಚಿದರೆ ಸಾಮಾನ್ಯವಾಗಿ ಸಾಕು. ಕೆರೆದು ಕೀವಾದರೆ ವೈದ್ಯರಿಗೆ ತೋರಿಸಿ. ತುಟಿ ಊದಿ ಉಸಿರಾಟ ಕಷ್ಟವಾದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮನೆಗೆ ಬಂದ ಮೇಲೆ

ಬ್ಯಾಗು ಮಲಗುವ ಕೋಣೆಗೆ ಬರಕೂಡದು. ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಬಿಚ್ಚಿ. ತಿಗಣೆಯನ್ನೂ ಅದರ ಮೊಟ್ಟೆಯನ್ನೂ ಖಚಿತವಾಗಿ ಕೊಲ್ಲುವುದು ಕಾವು. 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನ ವಾಷಿಂಗ್ ಮಷಿನ್ ಸೈಕಲ್ ಎಲ್ಲ ಹಂತದ ಹುಳುಗಳನ್ನೂ ಮುಗಿಸುತ್ತದೆ. ಡ್ರೈಯರ್ ಇದ್ದರೆ ಹೆಚ್ಚು ಬಿಸಿಯಲ್ಲಿ ಕನಿಷ್ಠ 30 ನಿಮಿಷ, ಅರ್ಧ ಡ್ರಮ್ ಮಾತ್ರ ತುಂಬಿ. ಕಿಕ್ಕಿರಿದರೆ ನಡುವಿನ ಬಟ್ಟೆಗೆ ಕಾವು ತಲುಪುವುದಿಲ್ಲ.

ಎರಡೂ ಇಲ್ಲವೇ? ಲೋಹದ ದೊಡ್ಡ ಪಾತ್ರೆಗೆ ಎರಡು ಪಾಲು ಕುದಿನೀರು, ಒಂದು ಪಾಲು ತಣ್ಣೀರು ಹಾಕಿ, ಬಟ್ಟೆ ಮುಳುಗಿಸಿ, ಅರ್ಧ ಗಂಟೆ ಮುಚ್ಚಿಡಿ. ಗೀಸರ್ ನೀರು ನಲ್ಲಿಯಿಂದ ಬಕೆಟ್ಟಿಗೆ ಬೀಳುವಷ್ಟರಲ್ಲೇ ಕಾವು ಕಳೆದುಕೊಂಡಿರುತ್ತದೆ, ಅದನ್ನು ನಂಬಬೇಡಿ. ತಣ್ಣೀರಲ್ಲಿ ಒಂದು ದಿನ ನೆನೆಸಿದರೆ ಹುಳು ಸಾಯುತ್ತದೆ, ಮೊಟ್ಟೆ ಉಳಿಯುತ್ತದೆ. ಒಗೆಯಲಾಗದ ಹತ್ತಿ ಬಟ್ಟೆಗೆ ಬೀದಿಯ ಇಸ್ತ್ರಿ ಗಾಡಿಯ ಕೆಂಡದ ಪೆಟ್ಟಿಗೆ ಒಳ್ಳೆಯ ಆಯುಧ: ಕಾಲರು, ನೆರಿಗೆ, ಹೊಲಿಗೆ ಮೇಲೆ ಎರಡೂ ಬದಿ ನಿಧಾನವಾಗಿ ಒತ್ತಬೇಕು. ಆದರೆ ಇಸ್ತ್ರಿಯವರಿಗೆ ವಿಷಯ ಹೇಳಿ, ಚೀಲ ಬಿಗಿ ಕಟ್ಟಿ ಕೊಡಿ. ಬೇರೆಯವರ ಬಟ್ಟೆಗೆ ಅಂಟಿಸುವುದು ಅನ್ಯಾಯ.

ರೇಷ್ಮೆ ಸೀರೆ, ಪುಸ್ತಕಗಳಿಗೆ ಫ್ರೀಜರ್. ಗಾಳಿಯಾಡದ ಕವರಿನಲ್ಲಿ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿ ಪೂರ್ತಿ 4 ದಿನ ಇಡಿ. ಸಿಂಗಲ್ ಡೋರ್ ಫ್ರಿಜ್ಜಿನ ಫ್ರೀಜರ್ ಅಷ್ಟು ತಣ್ಣಗಾಗದೆ ಇರಬಹುದು, ಒಳಗೆ ಥರ್ಮಾಮೀಟರ್ ಇಟ್ಟು ನೋಡಿ. ಹೊರತೆಗೆದ ಮೇಲೆ ತಣುಪು ಪೂರ್ತಿ ಆರುವ ತನಕ ಕವರು ತೆರೆಯಬೇಡಿ, ಇಲ್ಲದಿದ್ದರೆ ಜರಿಯ ಮೇಲೆ ನೀರು ಕೂರುತ್ತದೆ.

ಖಾಲಿ ಬ್ಯಾಗಿನ ಹೊಲಿಗೆ, ಚಕ್ರದ ಗೂಡು, ಜಿಪ್ಪಿನ ಒಳಪಟ್ಟಿಗೆ ಸ್ಟೀಮರ್ ಹಿಡಿದು ಬೆರಳ ವೇಗದಲ್ಲಿ ಸಾಗಿ. ಆವಿ ರಭಸವಾಗಿದ್ದರೆ ಹುಳು ಹಾರಿ ಬೇರೆಡೆ ಬೀಳುತ್ತದೆ. ಬಿಸಿಲಿಗಿಡುವುದು ನಮ್ಮ ಹಳೆಯ ರೂಢಿ, ಆದರೆ ಬೆಂಗಳೂರಿನ ಏಪ್ರಿಲ್ ಬಿಸಿಲೂ ದಪ್ಪ ಬ್ಯಾಗಿನ ಒಳಮೂಲೆಯನ್ನು 50 ಡಿಗ್ರಿಗೆ ಮುಟ್ಟಿಸುವ ಭರವಸೆಯಿಲ್ಲ. ಹುಳು ನೆರಳಿನ ಬದಿಗೆ ಸರಿಯುತ್ತದೆ ಅಷ್ಟೇ. ಬ್ಯಾಗು ಕಟ್ಟಿ ಎರಡು ವಾರ ಅಟ್ಟದ ಮೇಲಿಟ್ಟರೂ ಪ್ರಯೋಜನವಿಲ್ಲ, ರಕ್ತವಿಲ್ಲದೆ ಅವು ತಿಂಗಳುಗಟ್ಟಲೆ ಬದುಕುತ್ತವೆ.

ಮಾಡಲೇಬಾರದ್ದು

ಅಂಗಡಿಯ ಸ್ಪ್ರೇ ಹೊಡೆದರೆ ತಿಗಣೆ ಚದುರಿ ಇನ್ನೊಂದು ಕೋಣೆ ಸೇರುತ್ತದೆ. ಡಿಡಿಟಿ ಎಂಬ ಕೀಟನಾಶಕಕ್ಕೆ ಬಗ್ಗದ ತಿಗಣೆ 1947ರಲ್ಲೇ ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ ಸಿಕ್ಕಿತ್ತು, ಇಂದು ಪೈರೆಥ್ರಾಯ್ಡ್ ಎಂಬ ಕೀಟನಾಶಕವಿರುವ ಸ್ಪ್ರೇಗಳಿಗೂ ಅದೇ ಗತಿ. ಸೀಮೆಎಣ್ಣೆ ಬೆಂಕಿಗೆ ಆಹ್ವಾನ. ಎಲ್ಲಕ್ಕಿಂತ ಅಪಾಯಕಾರಿ, ಧಾನ್ಯದ ಗೋದಾಮಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಪಕ್ಕದ ಮನೆಯಲ್ಲಿ ಮಲಗಿದವರ ಜೀವವನ್ನೂ ತೆಗೆಯಬಲ್ಲದು. ಯಾರು ತಂದುಕೊಟ್ಟರೂ ಮನೆಯೊಳಗೆ ಇಡಬೇಡಿ.

ಮುಂದಿನ ಆರು ವಾರ ವಾರಕ್ಕೊಮ್ಮೆ ಹಾಸಿಗೆ ಅಂಚು ನೋಡುತ್ತಿರಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ನಾಲ್ಕೂ ಕಾಲುಗಳನ್ನು ಬಟ್ಟಲಲ್ಲಿಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ ಬೆರೆಸಿದ ನೀರು ಹಾಕಿ. ಹೊದಿಕೆ ನೆಲಕ್ಕೆ ಜೋಲಬಾರದು. ಬಟ್ಟಲಲ್ಲಿ ಒಂದು ಹುಳು ಕಂಡರೂ ಪರವಾನಗಿ ಇರುವ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯಿರಿ. ಪಿಜಿಯಲ್ಲಿದ್ದರೆ ಸಂಕೋಚಪಡದೆ ರೂಮ್‌ಮೇಟ್‌ಗಳಿಗೂ ಮಾಲೀಕರಿಗೂ ಅಂದೇ ತಿಳಿಸಿ, ಒಂದು ಕೋಣೆಗಷ್ಟೇ ಔಷಧಿ ಹೊಡೆಸಿದರೆ ಪಕ್ಕದಿಂದ ಮತ್ತೆ ಬರುತ್ತದೆ. ಔಷಧಿಗೆ ಮೊಟ್ಟೆ ಸಾಯುವುದು ಕಡಿಮೆ, 6ರಿಂದ 10 ದಿನದಲ್ಲಿ ಒಡೆದು ಮರಿ ಹೊರಬರುತ್ತದೆ. ಹಾಗಾಗಿ ಎರಡನೇ ಸಲ ಬರುವ ದಿನಾಂಕವನ್ನು, ಸುಮಾರು ಎರಡು ವಾರದೊಳಗೆ, ಮೊದಲ ದಿನವೇ ರಸೀದಿಯಲ್ಲಿ ಬರೆಸಿಕೊಳ್ಳಿ.