ಗೋಳು ಎಂಜಿನ್‌ನಲ್ಲಿರಲಿಲ್ಲ, ಚಕ್ರದಲ್ಲಿತ್ತು

"ಹಳೇ ಗಾಡಿ, ಲೀಟರಿಗೆ 16 ಕಿಲೋಮೀಟರ್ ಮೇಲೆ ಮೈಲೇಜ್ ಕೊಡಲ್ಲ ಬಿಡಣ್ಣ" ಅಂತ ಗ್ಯಾರೇಜಿನವರು ಕೈ ಚೆಲ್ಲಿದ್ದರು. ಈಗ ಅದೇ ಪೆಟ್ರೋಲ್ ಕಾರು 18ರ ಮೇಲೆ ಕೊಡುತ್ತಿದೆ. ಎಂಜಿನ್ ಮುಟ್ಟಿಲ್ಲ. ಕೋಲಾರದಿಂದ ಹೊಸಕೋಟೆಗೆ ದಿನಾ ಹೋಗಿಬರುತ್ತೇನೆ, ಸುಮಾರು 80 ಕಿಲೋಮೀಟರ್. ಒಂದೇ ಬಂಕ್‌ನಲ್ಲಿ ಟ್ಯಾಂಕ್ ಫುಲ್ ಮಾಡಿಸಿ ಆರು ಸಲ ಲೆಕ್ಕ ಹಾಕಿದ್ದೇನೆ.

ಮೊದಲು ಸುಮ್ನೆ ದುಡ್ಡು ಹೋಯಿತು. ಪೆಟ್ರೋಲ್‌ಗೆ ಹಾಕುವ ಬಾಟಲಿ ಔಷಧಿಗೆ 700. ಏನೂ ಆಗಲಿಲ್ಲ. ನೈಟ್ರೋಜನ್ ತುಂಬಿಸಿದೆ, ಅದೂ ಅಷ್ಟೇ. ಟೈರಿನ ಗಾಳಿ 42 ಪಿಎಸ್‌ಐಗೆ ಏರಿಸಿದೆ. ಮೈಲೇಜ್ ಒಂಚೂರು ಏರಿತು. ಆದರೆ ನರಸಾಪುರದ ಹತ್ತಿರ ಮಳೆಯಲ್ಲಿ ಬ್ರೇಕ್ ಒತ್ತಿದಾಗ ಗಾಡಿ ಜಾರಿತು, ಜೀವ ಬಾಯಿಗೆ ಬಂತು. ಟೈರ್ ಕೂಡ ನಡುವೆ ಮಾತ್ರ ಸವೆಯುತ್ತಿತ್ತು. ಆಮೇಲೆ 18,000 ಚಿಲ್ಲರೆ ಕೊಟ್ಟು ನಾಲ್ಕೂ ಹೊಸ ಟೈರ್ ಹಾಕಿಸಿದೆ. ಮೈಲೇಜ್ ಇನ್ನೂ ಇಳಿಯಿತು! ಹೊಸ ಟೈರಿನ ಬಟನ್ (ಮೇಲ್ಮೈಯ ಉಬ್ಬು) ಎತ್ತರ, ರಬ್ಬರ್ ಜಾಸ್ತಿ ಬಾಗುತ್ತದೆ. ಸವೆದ ಟೈರೇ ಹಗುರಾಗಿ ಉರುಳುತ್ತದೆ, ಅಲ್ವಾ?

ಕಡೆಗೆ ಬೆಳಗಿನ ಜಾವ ಸಮತಟ್ಟಾದ ಸರ್ವಿಸ್ ರೋಡಿಗೆ ಹೋದೆ. ಗಾಡಿ ತಾನಾಗೇ ಎಷ್ಟು ದೂರ ಉರುಳುತ್ತದೆ ನೋಡೋಣ ಅಂತ 40ರ ಸ್ಪೀಡಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟೆ. ಎರಡೂ ಕಡೆಯಿಂದ ಮೂರು ಮೂರು ಸಲ. ಸುಮಾರು 300 ಮೀಟರ್‌ಗೇ ನಿಂತಿತು. ಮನೆಗೆ ಬಂದು ಜಾಕ್ ಹಾಕಿ ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿದೆ. ಮುಂದಿನ ಎಡಚಕ್ರ ಬಲು ಬಿಗಿಯಾಗಿ ತಿರುಗಿತು. ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಜಾರುವ ಪಿನ್ ತುಕ್ಕು ಹಿಡಿದು ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇತ್ತು. ಹಿಂದಿನ ಚಕ್ರಗಳಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಬಿಡುತ್ತಿರಲಿಲ್ಲ. ವರ್ಷಗಟ್ಟಲೆ ಬ್ರೇಕ್ ಒತ್ತಿಕೊಂಡೇ ಓಡಿಸಿದ್ದೇನೆ!

ಪಿನ್, ಅದರ ರಬ್ಬರ್, ಕೇಬಲ್ ಎಲ್ಲ ಸೇರಿ 1,500ರೊಳಗೆ ಮುಗಿಯಿತು. ಪಿನ್‌ಗೆ ಬ್ರೇಕ್ ಗ್ರೀಸನ್ನೇ ಹಾಕಿ, ಬೇರಿಂಗ್ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುತ್ತದಾ ಅಂತ ಅಂತರಗಂಗೆ ಬೆಟ್ಟದ ಏರಿನಲ್ಲಿ ನಿಲ್ಲಿಸಿ ನೋಡಿದೆ. ಅಲ್ಲಾಡಲಿಲ್ಲ.

ಆಮೇಲೆ ಅಲೈನ್‌ಮೆಂಟ್. ಟೋ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಎಷ್ಟಕ್ಕೆ ಇಡಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ನಾಲ್ಕು ಸಲ ಹೋಗಿ ಕಂಡುಕೊಂಡದ್ದು. ಗಾಳಿ ಮಾತ್ರ ಕಾರಿನ ಬಾಗಿಲ ಚೀಟಿಯಲ್ಲಿ ಬರೆದದ್ದಕ್ಕಿಂತ 2–3 ಪಿಎಸ್‌ಐ ಜಾಸ್ತಿ, ಅದೂ ಬೆಳಿಗ್ಗೆ ಟೈರ್ ತಣ್ಣಗಿರುವಾಗ. ಓಡಿಸಿದ ಮೇಲೆ ನೋಡಿದರೆ ಹೇಗೂ ಏರಿರುತ್ತದೆ.

ಅದೇ ರೋಡು, ಅದೇ 40. ಈ ಸಲ 400 ದಾಟಿತು. ತಿಂಗಳಿಗೆ ಹದಿನೈದು ಲೀಟರ್‌ನಷ್ಟು ಉಳಿಯುತ್ತಿದೆ.

ಮೊನ್ನೆ ಭಾವನ ಕಾರಿಗೂ ಜಾಕ್ ಹಾಕಿದೆ. "ಹೊಸ ಗಾಡಿ ಕಣೋ, ಬಿಡು" ಅಂದರು. ಹಿಂದಿನ ಬಲಚಕ್ರ ಅರ್ಧ ಸುತ್ತಿಗೇ ನಿಂತಿತು.